ಓರಗಿತ್ತಿಯರ ಎಂಬಿಎ

ಬೆಳಕು ಹರಿಯುವ ಮೊದಲೇ ದೊಡ್ಡವಳು ಮಾಡಿ ಮುಗಿಸಿದ ಕೆಲಸಗಳು ಇವು: ಅತ್ತೆಯ ಮಂಡಿಗೆ ಬಿಸಿನೀರಿನ ಚೀಲ ತುಂಬಿಕೊಟ್ಟಿದ್ದು, ಹಾಲು ಕಾಯಿಸಿದ್ದು, ನೆನೆಹಾಕಿದ್ದ ಕಾಳು ಬೇಯಲು ಇಟ್ಟಿದ್ದು, ಹಿಟ್ಟು ಕಲಸಿ ಒದ್ದೆ ಬಟ್ಟೆ ಮುಚ್ಚಿದ್ದು, ಮಧ್ಯಾಹ್ನಕ್ಕೆ ತರಕಾರಿ ಹೆಚ್ಚಿದ್ದು, ಸಿಂಕಿನಲ್ಲಿ ಯಾರೋ ಬಿಟ್ಟುಹೋಗಿದ್ದ ಲೋಟಗಳನ್ನು (ಯಾರು ಎಂಬುದು ಅವಳಿಗೆ ಗೊತ್ತಿತ್ತು) ತೊಳೆದು ಬೋರಲು ಹಾಕಿದ್ದು, ಹಗ್ಗದ ಮೇಲಿನ ಬಟ್ಟೆ ತೆಗೆದು ಯಾರದ್ದು ಯಾರಿಗೆ ಎಂದು ಮಡಚಿಟ್ಟಿದ್ದು, ಮಗನ ಶೂಗೆ ಹೊಸ ಲೇಸು ಪೋಣಿಸಿದ್ದು, ಅತ್ತೆಯ ಮಾತ್ರೆಗಳನ್ನು ಹೊತ್ತುಹೊತ್ತಿಗೆ ಬೇರೆ ಮಾಡಿ ಬಟ್ಟಲುಗಳಿಗೆ ಹಾಕಿದ್ದು, ಕೊನೆಗೆ ತನ್ನ ಬಟ್ಟೆಗೆ ಇಸ್ತ್ರಿ ಹಾಕಿಕೊಂಡದ್ದು. ಇಷ್ಟರಲ್ಲಿ ತನಗಾಗಿ ಮಾಡಿಕೊಂಡದ್ದು ಆ ಕೊನೆಯದೊಂದೇ. ಅದನ್ನೂ ನಡುವೆ ನಿಲ್ಲಿಸಿ, ಪೆಟ್ಟಿಗೆ ಹೇಗೂ ಕಾದಿದೆಯಲ್ಲ ಎಂದು ಗಂಡನ ಎರಡು ಅಂಗಿಗಳನ್ನೂ ಎಳೆದುಹಾಕಿದಳು.

ಇದೆಲ್ಲ ಮಾಡುವಾಗ ಅವಳ ತುಟಿ ಅಲುಗುತ್ತಲೇ ಇತ್ತು. ಅತ್ತೆ ಹಾಸಿಗೆಯಿಂದಲೇ ಕೇಳಿದರು.

“ಯಾರ ಜೊತೆ ಜಗಳ ಆಡ್ತಿದ್ದೀಯಮ್ಮ?”

“ಜಗಳ ಅಲ್ಲ ಅತ್ತೆ, ಭಾಷಣ.”

“ನಿನ್ನ ಬಾಯಲ್ಲಿ ಎರಡೂ ಒಂದೇ ಥರ ಕೇಳಿಸುತ್ತೆ.”

ಅವತ್ತು ಭಾನುವಾರ. ಅವಳು ಓದಿದ ಬಿಸಿನೆಸ್ ಸ್ಕೂಲಿನಲ್ಲಿ ಹಳೆಯ ವಿದ್ಯಾರ್ಥಿಗಳು ಹೊಸದಾಗಿ ಸೇರಿದವರ ಮುಂದೆ ಕೂತು ತಮ್ಮ ಅನುಭವ ಹೇಳುವ ಕಾರ್ಯಕ್ರಮವಿತ್ತು. ಕೆಲಸದಲ್ಲಿರುವವರಿಗಾಗಿಯೇ ನಡೆಸುವ ಎಂಬಿಎ ಅದು. ವಾರವಿಡೀ ದುಡಿದು, ಶನಿವಾರ ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂರಬೇಕು. ಹಾಗೆ ಎರಡು ವರ್ಷ. ಕರೆ ಬಂದದ್ದು ದೊಡ್ಡವಳೊಬ್ಬಳಿಗೇ ಆಗಿದ್ದರೆ ಭಾಷಣವನ್ನು ಇಷ್ಟು ಸಲ ತಿದ್ದುವ ಗೋಜಿರಲಿಲ್ಲ. ಅದೇ ಮನೆಯ ಚಿಕ್ಕವಳಿಗೂ, ಅಂದರೆ ಮೈದುನನ ಹೆಂಡತಿಗೂ ಬಂದಿತ್ತು. ಇಬ್ಬರೂ ಅಲ್ಲಿಯೇ ಓದಿದವರು. ಒಂದೇ ವೇದಿಕೆ, ಒಂದೇ ಮೈಕು.

ದೊಡ್ಡವಳಿಗೆ ಅಲ್ಲಿಂದ ಬೇಕಾದದ್ದು ಚಪ್ಪಾಳೆಯಲ್ಲ. ಪ್ರತಿವರ್ಷ ಆ ಸ್ಕೂಲು ತನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರನ್ನು ಆರಿಸಿ ಹೊಸಬರಿಗೆ ವಾರಕ್ಕೊಂದು ತರಗತಿ ತೆಗೆದುಕೊಳ್ಳಲು ನೇಮಿಸುತ್ತಿತ್ತು. ಪಾಠದಲ್ಲಿ ಹಿಂದೆ ಬಿದ್ದವರನ್ನು ಕೈಹಿಡಿದು ಎತ್ತುವ ಕೆಲಸ. ಹಾಗೆ ಶುರುಮಾಡಿದ ಇಬ್ಬರು ಈಗ ಅಲ್ಲಿ ಪೂರ್ಣ ಪ್ರಮಾಣದ ಮೇಷ್ಟ್ರುಗಳಾಗಿದ್ದರು. ತನಗೆ ಆ ಕೆಲಸದ ಆಸೆಯಿದೆ ಎಂದು ದೊಡ್ಡವಳು ನಿರ್ದೇಶಕಿಯ ಹತ್ತಿರ ಬಾಯಿಬಿಟ್ಟು ಹೇಳಿದ್ದಳು. “ನೋಡೋಣ, ಅವತ್ತು ಮಾತಾಡಿ,” ಎಂದಿದ್ದರು ನಿರ್ದೇಶಕಿ.

ಆ ಆಸೆ ಹುಟ್ಟಿದ್ದೂ ಅಲ್ಲಿಯೇ. ದೊಡ್ಡವಳು ಆಸ್ಪತ್ರೆಗಳಿಗೆ ಸಾಮಾನು ಪೂರೈಸುವ ಗೋದಾಮೊಂದರಲ್ಲಿ ರವಾನೆ ವಿಭಾಗ ನೋಡಿಕೊಳ್ಳುತ್ತಿದ್ದಳು. ಎರಡನೆಯ ವರ್ಷದಲ್ಲಿ ಒಮ್ಮೆ ಮೇಷ್ಟ್ರ ಗಂಟಲು ಕಟ್ಟಿಹೋಗಿ, ದಾಸ್ತಾನಿನ ಪಾಠವನ್ನು ನೀವೇ ಸ್ವಲ್ಪ ಹೇಳಿ ಎಂದು ಅವಳ ಕೈಗೆ ಪೆನ್ನು ಕೊಟ್ಟಿದ್ದರು. ಅವಳು ಬಿಳಿಹಲಗೆಯ ಮುಂದೆ ನಿಂತಳು. ತುಂಬಿದ ತರಗತಿ ಅವಳನ್ನೇ ನೋಡಿತು. ಪ್ರಶ್ನೆಗಳೂ ಬಂದವು. ಮದುವೆಯಾದಂದಿನಿಂದ ಅವಳನ್ನು ದಿನವೂ ಎಷ್ಟೋ ಜನ ಎಷ್ಟೋ ಪ್ರಶ್ನೆ ಕೇಳಿದ್ದರು: ಟವೆಲ್ ಎಲ್ಲಿ, ಚಹಾ ಆಯ್ತಾ, ನನ್ನ ಇನ್ನೊಂದು ಕಾಲುಚೀಲ ಕಂಡ್ಯಾ. ಎಲ್ಲಿಯೂ ಏನನ್ನೂ ಹುಡುಕಿಕೊಡಬೇಕಾಗಿಲ್ಲದ ಪ್ರಶ್ನೆಗಳು ಅವಳ ಪಾಲಿಗೆ ಅವೇ ಮೊದಲು. ಅವತ್ತು ಮನೆಗೆ ಬಂದವಳು ಒಲೆಯ ಮುಂದೆ ನಿಂತೂ ಕೈಯಲ್ಲಿ ಪೆನ್ನಿದ್ದ ಹಾಗೇ ಬೆರಳು ಹಿಡಿದುಕೊಂಡಿದ್ದಳು.

ಚಿಕ್ಕವಳು ಎದ್ದು, ಸ್ನಾನ ಮಾಡಿ, ಒದ್ದೆ ಕೂದಲು ಕೊಡವುತ್ತಾ ಅಡುಗೆಮನೆಯ ಬಾಗಿಲಿಗೆ ಬಂದಾಗ ಬಿಸಿಲು ಕಿಟಕಿಯ ಸರಳು ದಾಟಿ ನೆಲಕ್ಕಿಳಿದಿತ್ತು.

“ಅಯ್ಯೋ ಅಕ್ಕಾ, ಇವತ್ತಾದ್ರೂ ಬ್ರೆಡ್ ತಂದು ತಿಂದಿದ್ರೆ ಆಗ್ತಿತ್ತಲ್ಲ!”

“ತರೋರು ಯಾರು?” ಎಂದಳು ದೊಡ್ಡವಳು.

“ನಿಮ್ಮ ಮೈದುನ ಇಲ್ವಾ, ದಂಡಪಿಂಡ. ಕಾಲಿದೆ, ಚಪ್ಪಲಿ ಇದೆ.” ಚಿಕ್ಕವಳು ನಕ್ಕಳು. ನಗುತ್ತಲೇ ಒಂದು ತಟ್ಟೆ ತೆಗೆದುಕೊಂಡು ಬಡಿಸಿಕೊಂಡಳು. “ಆಹಾ, ಚೆನ್ನಾಗಿದೆ!” ಎಂದಳು. ಅವಳು ಏನನ್ನೂ ಮುಚ್ಚಿಟ್ಟುಕೊಳ್ಳುವವಳಲ್ಲ. ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನುವಳು, ದಣಿವಾದರೆ ಮಲಗುವಳು, ಒಲ್ಲದ್ದನ್ನು ಒಲ್ಲೆ ಎನ್ನುವಳು. ದೊಡ್ಡವಳ ಹೊಟ್ಟೆ ಉರಿಯುತ್ತಿದ್ದದ್ದು ಓರಗಿತ್ತಿಯ ಬಣ್ಣಕ್ಕಲ್ಲ, ಅವಳ ಬಟ್ಟೆಬರೆಗಲ್ಲ, ವಿಮಾ ಕಂಪನಿಯಲ್ಲಿ ಏಜೆಂಟರಿಗೆ ತರಬೇತಿ ಕೊಡುವ ಅವಳ ದೊಡ್ಡ ಹುದ್ದೆಗೂ ಅಲ್ಲ. ಆ ಮಲಗುವುದಕ್ಕೆ.

*

ಓದುವ ವಿಷಯ ಮನೆಯಲ್ಲಿ ಮೊದಲು ಎತ್ತಿದವಳು ದೊಡ್ಡವಳೇ. ಪ್ರವೇಶ ಪರೀಕ್ಷೆಯನ್ನು ಇಬ್ಬರೂ ಬರೆದರು, ಇಬ್ಬರಿಗೂ ಸೀಟು ಸಿಕ್ಕಿತು. ಆಗ ಅತ್ತೆ ಸೋಫಾದಲ್ಲಿ ಮಂಡಿ ನೀವಿಕೊಳ್ಳುತ್ತಾ ಒಂದೇ ಮಾತು ಹೇಳಿದರು: “ಓದಿ, ಬೇಡ ಅನ್ನಲ್ಲ. ಒಟ್ಟಿಗೆ ಇಬ್ಬರೂ ಹೋದ್ರೆ ಮನೆ ಯಾರು ನೋಡ್ಕೋತಾರೆ?” ಅಲ್ಲಿ ಇಬ್ಬರು ಗಂಡಸರೂ ಕೂತಿದ್ದರು. ಪ್ರಶ್ನೆ ತಮಗೂ ಸಂಬಂಧಪಟ್ಟಿರಬಹುದೆಂದು ಅವರಿಗೆ ಅನ್ನಿಸಲಿಲ್ಲ. ಟಿವಿಯಲ್ಲಿ ಆಟ ನಡೆಯುತ್ತಿತ್ತು.

ಕಡೆಗೆ ಓರಗಿತ್ತಿಯರೇ ಒಪ್ಪಂದ ಮಾಡಿಕೊಂಡರು. ಗೋದಾಮಿನಲ್ಲಿ ಇರುವ ಹಾಗೆ ಪಾಳಿ. ಒಬ್ಬಳು ಓದುವಾಗ ಇನ್ನೊಬ್ಬಳು ಮನೆ ನೋಡಿಕೊಳ್ಳುವುದು, ಅವಳದ್ದು ಮುಗಿದ ಮೇಲೆ ಇವಳದ್ದು. ಸ್ಕೂಲಿನವರು ದೊಡ್ಡವಳ ಸೀಟನ್ನು ಮುಂದೂಡಲು ಒಪ್ಪಿದರು. ಮೊದಲ ಪಾಳಿ ಚಿಕ್ಕವಳಿಗೆ ಹೋಯಿತು. ಅವಳ ಕಂಪನಿಯವರು ಆ ವರ್ಷ ಮಾತ್ರ ರಜೆ ಹೊಂದಿಸಿಕೊಡುತ್ತೇವೆ ಎಂದಿದ್ದರಂತೆ.

ಆ ಎರಡು ವರ್ಷ ದೊಡ್ಡವಳು ಮಾಡಿದ್ದನ್ನು ಹೇಳಹೊರಟರೆ ಮುಗಿಯುವುದಿಲ್ಲ. ಚಿಕ್ಕವಳ ಮಗು ಆಗಿನ್ನೂ ತೊಡೆಯ ಮೇಲಿನ ಕೂಸು. ಶನಿವಾರ ಭಾನುವಾರ ಅದು ಇವಳ ಸೊಂಟದ ಮೇಲೆಯೇ ಇತ್ತು. ಓರಗಿತ್ತಿಗೆ ಡಬ್ಬಿ ಕಟ್ಟಿದಳು. ತರಗತಿಯಲ್ಲಿ ಎದ್ದು ಮಾತನಾಡುವ ದಿನಗಳಲ್ಲಿ ಅವಳ ಕೋಟಿಗೆ ಇಸ್ತ್ರಿ ಹಾಕಿದಳು. ಪರೀಕ್ಷೆಯ ಹೊತ್ತಿನಲ್ಲಿ ಬಾಗಿಲ ಬಳಿ ಹಾಲು ಇಟ್ಟು, ಸದ್ದಾಗದಂತೆ ಹಿಂದೆ ಸರಿದಳು. ಒಮ್ಮೆ ಸೊಂಟ ಹಿಡಿದುಕೊಂಡು, ಬಗ್ಗಲಾರದೆ, “ಎಲ್ಲಾ ನಾನೇ ಮಾಡಬೇಕು ಈ ಮನೇಲಿ,” ಎಂದಾಗ ಚಿಕ್ಕವಳು ಪುಸ್ತಕದಿಂದ ತಲೆಯೆತ್ತಿ ನಿಜವಾಗಿಯೂ ಆಶ್ಚರ್ಯಪಟ್ಟಿದ್ದಳು.

“ಅಕ್ಕಾ, ಕೋಟಿಗೆ ಇಸ್ತ್ರಿ ಹಾಕಿ ಅಂತ ನಾನು ಕೇಳಿದ್ನಾ? ಸುಕ್ಕಿದ್ರೆ ಸುಕ್ಕು. ಹಾಗೇ ಹೋಗ್ತಿದ್ದೆ.”

ಕೇಳಿರಲಿಲ್ಲ. ಅದು ನಿಜವಾದ್ದರಿಂದಲೇ ದೊಡ್ಡವಳಿಗೆ ಅದನ್ನು ಕ್ಷಮಿಸುವುದು ಸಾಧ್ಯವಾಗಲಿಲ್ಲ.

ಆಮೇಲೆ ದೊಡ್ಡವಳ ಪಾಳಿ ಬಂತು. ಮೊದಲ ಶನಿವಾರ ಅವಳು ತರಗತಿಯಲ್ಲಿ ಕೂತಿದ್ದಳು ಎಂಬುದಷ್ಟೇ, ಜೀವವೆಲ್ಲ ಮನೆಯಲ್ಲಿತ್ತು. ಮೊದಲೇ ಕೈಸೇರಿದ್ದ, ಒಲೆಯ ಮುಂದೆ ನಿಂತು ಓದಿದ ಅವಳ ಪಾಠದ ಹಾಳೆಗಳಿಂದ ಎಣ್ಣೆ ಸಾಸಿವೆ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ಕೂತ ಟೈಲ್ಸ್ ಅಂಗಡಿಯವನು ಮೂಸಿ, “ಮೇಡಂ, ಪಾಠಕ್ಕೂ ಒಗ್ಗರಣೆ ಹಾಕಿದ್ದೀರಾ?” ಎಂದ. ಅವತ್ತಿನಿಂದ ಇಡೀ ತರಗತಿಗೆ ಅವಳು ಒಗ್ಗರಣೆ ಮೇಡಂ. ಅವಳೂ ನಕ್ಕಳು. ನಗದಿದ್ದರೆ ಇನ್ನಷ್ಟು ಅಂಟಿಕೊಳ್ಳುತ್ತದೆಂದು ಅವಳಿಗೆ ಗೊತ್ತಿತ್ತು.

ಸಂಜೆ ಬಸ್ಸಿಳಿದು ಓಡೋಡಿ ಮನೆಗೆ ಬಂದರೆ, ಮನೆ ಮನೆಯಂತೆಯೇ ಇತ್ತು. ಅಡುಗೆಯಾಗಿತ್ತು. ಮಕ್ಕಳು ತಲೆ ಬಾಚಿಕೊಂಡಿದ್ದವು. ಸಿಂಕಿನ ಮುಂದೆ ಯಾರೋ ಶಿಳ್ಳೆ ಹಾಕುತ್ತಿದ್ದರು. ನೋಡಿದರೆ ತನ್ನ ಗಂಡ, ತೋಳು ಮಡಚಿ ತಟ್ಟೆ ತೊಳೆಯುತ್ತಿದ್ದಾನೆ! ಚಿಕ್ಕವಳು ತನ್ನ ಪಾಳಿಯನ್ನು ಮೈಯಿಂದ ಮಾಡಲಿಲ್ಲ, ಬಾಯಿಂದ ಮಾಡಿದಳು. ಆ ವಾರವೇ ಅಡುಗೆಗೊಬ್ಬಳನ್ನು ಗೊತ್ತುಮಾಡಿದಳು. ಒಗೆಯುವ ಬಟ್ಟೆಯನ್ನು ಬೀದಿ ತುದಿಯ ಲಾಂಡ್ರಿಗೆ ಹಾಕಿದಳು. ಅವತ್ತು ಮಧ್ಯಾಹ್ನವೇ ಊಟದ ಮೇಜಿನ ಮುಂದೆ ಅಣ್ಣತಮ್ಮಂದಿರನ್ನು ಕೂರಿಸಿಕೊಂಡು, ಏಜೆಂಟರಿಗೆ ಊರು ಹಂಚಿದ ಹಾಗೆ ಕೆಲಸ ಹಂಚಿದಳು: “ಭಾವ, ಪಾತ್ರೆ ನಿಮ್ದು. ರೀ, ಮಕ್ಕಳ ಸ್ನಾನ, ಹೋಂವರ್ಕ್ ನಿಮ್ದು. ಅತ್ತೆ, ತರಕಾರಿ ಕೂತ್ಕೊಂಡೇ ಹೆಚ್ಚಬಹುದು, ಮಂಡಿಗೂ ಅದಕ್ಕೂ ಸಂಬಂಧ ಇಲ್ಲ.” ಎಲ್ಲರೂ ನಕ್ಕರು, ಒಪ್ಪಿದರು. ದೊಡ್ಡವಳು ವರ್ಷಗಟ್ಟಲೆ ಮೂತಿ ಬಿಗಿದು, ಪಾತ್ರೆ ಕುಕ್ಕಿ, ನಿಟ್ಟುಸಿರು ಬಿಟ್ಟು ಹೇಳಲು ನೋಡಿದ್ದನ್ನು ಅವಳು ಒಂದು ಊಟ ಮುಗಿಯುವಷ್ಟರಲ್ಲಿ ಹೇಳಿಬಿಟ್ಟಿದ್ದಳು.

“ನೀನು ನಿಶ್ಚಿಂತೆಯಿಂದ ಓದಮ್ಮ,” ಎಂದರು ಅತ್ತೆ. “ನೀನು ಮನೇಲಿಲ್ಲ ಅಂತ ಗೊತ್ತೇ ಆಗಲ್ಲ.”

ಸಮಾಧಾನಕ್ಕೆಂದು ಹೇಳಿದ ಮಾತು. ದೊಡ್ಡವಳು ಬಚ್ಚಲುಮನೆಗೆ ಹೋಗಿ, ನಲ್ಲಿ ಬಿಟ್ಟು, ಸುಮ್ಮನೆ ನೀರು ಹರಿಯುವುದನ್ನು ನೋಡುತ್ತಾ ನಿಂತಿದ್ದಳು.

*

ಸ್ಕೂಲಿನ ಸಭಾಂಗಣದಲ್ಲಿ ಏಸಿ ಅತಿಯಾಗಿತ್ತು. ವೇದಿಕೆಯ ಮೇಲೆ ಹಳೆಯ ವಿದ್ಯಾರ್ಥಿಗಳಿಗೆ ಉದ್ದದ ಮೇಜು, ಕುರ್ಚಿ ಹಾಕಿದ್ದರು. ಪ್ರತಿಯೊಬ್ಬರ ಮುಂದೆ ನೀರಿನ ಬಾಟಲಿ. ದೊಡ್ಡವಳು ಅಭ್ಯಾಸಬಲದಿಂದ ಪಕ್ಕದವರ ಬಾಟಲಿಯ ಮುಚ್ಚಳ ಸಡಿಲಿಸಿ ಕೊಡಲು ಕೈಚಾಚಿ, ಹಿಂದಕ್ಕೆಳೆದುಕೊಂಡಳು.

ಮೊದಲು ಎದ್ದವನು ಟೈಲ್ಸ್ ಅಂಗಡಿಯವನು. ಈಗ ಅವನದು ಅಂಗಡಿಯಲ್ಲ, ಮಳಿಗೆಗಳು. “ನಾನು ಇಲ್ಲಿ ಓದುವಾಗ ನನ್ನ ಮಗಳು ಯಾವ ಕ್ಲಾಸಲ್ಲಿದ್ದಾಳೆ ಅನ್ನೋದೇ ನನಗೆ ಗೊತ್ತಿರಲಿಲ್ಲ,” ಎಂದ. “ಅಷ್ಟು ಮುಳುಗಿಹೋಗಿದ್ದೆ.” ಜನ ಚಪ್ಪಾಳೆ ತಟ್ಟಿದರು. ದೊಡ್ಡವಳು ಅದೇ ಮಾತನ್ನು ತಾನು ಹೇಳಿದ್ದರೆ ಏನಾಗುತ್ತಿತ್ತೆಂದು ಊಹಿಸಿಕೊಂಡಳು. ಚಪ್ಪಾಳೆಯ ಬದಲು ಯಾರಾದರೂ ಮಕ್ಕಳ ಸಹಾಯವಾಣಿಗೆ ಫೋನು ಮಾಡುತ್ತಿದ್ದರೇನೋ.

ಆಮೇಲೆ ಚಿಕ್ಕವಳು. ಅವಳು ಎದ್ದು ನಿಲ್ಲಲಿಲ್ಲ, ಕುರ್ಚಿಯ ಅಂಚಿಗೆ ಜರುಗಿ, ಎದುರಿಗಿದ್ದವರ ಜೊತೆ ಕಟ್ಟೆಯ ಮೇಲೆ ಹರಟುವವಳಂತೆ ಶುರುಮಾಡಿದಳು.

“ನಾವಿಬ್ಬರು ಓರಗಿತ್ತಿಯರು. ಗಾಬರಿಯಾಗಬೇಡಿ, ಜಗಳ ಆಡೋಕೆ ಬಂದಿಲ್ಲ.”

ಸಭೆ ಅಲ್ಲಿಯೇ ಅವಳದ್ದಾಯಿತು. ಪಾಳಿಯ ಕತೆ ಹೇಳಿದಳು. ಟಿವಿಯ ಮುಂದೆ ಕೂತ ಅಣ್ಣತಮ್ಮಂದಿರ ಮುಖವನ್ನು ಅಭಿನಯಿಸಿ ತೋರಿಸಿದಳು. ಅಡುಗೆಯವಳನ್ನು ಗೊತ್ತುಮಾಡಿದ್ದು, ಭಾವನ ಕೈಗೆ ಸ್ಪಾಂಜು ಕೊಟ್ಟದ್ದು, ಅತ್ತೆ ಕೂತಲ್ಲೇ ತರಕಾರಿ ಹೆಚ್ಚುತ್ತಾ ಮನೆಯವರಿಗೆಲ್ಲ ಮೇಸ್ತ್ರಿಯಾದದ್ದು. “ಇಲ್ಲಿ ಕಲಿತದ್ದನ್ನ ಮೊದಲು ಪ್ರಯೋಗ ಮಾಡಿದ್ದು ಆಫೀಸಲ್ಲಲ್ಲ, ನಮ್ಮ ಅಡುಗೆಮನೇಲಿ. ನಮ್ಮ ಅತ್ತೆ ಹೇಳ್ತಾರೆ, ಯಾರೂ ಸುಸ್ತಾಗಿ ಬೀಳದೆ ಮನೆ ನಿಂತಿದ್ದು ಅದೇ ಮೊದಲಂತೆ.” ಹೆಂಗಸರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಿರ್ದೇಶಕಿ ಮುಂದಿನ ಸಾಲಿನಲ್ಲಿ ಕೂತು ತಲೆದೂಗುತ್ತಿದ್ದರು.

ಅದರ ಹಿಂದಿನ ಎರಡು ವರ್ಷಗಳ ಬಗ್ಗೆ ಅವಳು ಹೇಳಿದ್ದು ಒಂದೇ ವಾಕ್ಯ. “ನನ್ನ ಪಾಳೀಲಿ ಅಕ್ಕ ಎಲ್ಲಾ ನೋಡ್ಕೊಂಡ್ರು, ದೇವರಂಥವರು.”

ದೇವರು! ದೊಡ್ಡವಳಿಗೆ ಕಿವಿ ಬಿಸಿಯಾಯಿತು. ಡಬ್ಬಿ, ಕೋಟು, ಸೊಂಟದ ಮೇಲಿನ ಕೂಸು, ಬಾಗಿಲ ಬಳಿಯ ಹಾಲು, ಎಲ್ಲವನ್ನೂ ಚಿಕ್ಕವಳು ಒಂದೇ ಮಾತಿನಲ್ಲಿ ಕಟ್ಟಿ, ಫೋಟೋಗೆ ಹಾರ ಹಾಕಿದ ಹಾಗೆ ಮಾಡಿ ಮೂಲೆಗಿಟ್ಟಿದ್ದಳು. ದೇವರಿಗೆ ಯಾರು ತರಗತಿ ಕೊಡುತ್ತಾರೆ? ಕೆಲಸ ಇವಳಿಗೇ ಸಿಗುತ್ತದೆ ಎಂದು ಅವಳಿಗೆ ಆ ಕ್ಷಣಕ್ಕೆ ಖಾತ್ರಿಯಾಯಿತು. ಬೇಕೆಂದು ಕೇಳಿರದಿದ್ದರೂ ಸಿಗುತ್ತದೆ. ಕೇಳದೆಯೇ ಸಿಗುವುದು, ಅದೇ ಅಲ್ಲವೇ ಇವಳ ಹಣೆಬರಹ.

ಅಷ್ಟರಲ್ಲಿ ಮೂರನೆಯ ಸಾಲಿನಿಂದ ಒಬ್ಬ ಹುಡುಗಿ ಕೈಯೆತ್ತಿದಳು. ಹೊಸ ವಿದ್ಯಾರ್ಥಿನಿ, ಕೈಯಲ್ಲಿ ಮಗುವಿನ ಟೋಪಿ ಹಿಡಿದಿದ್ದಳು. ಮಗು ಎಲ್ಲೋ ಹೊರಗೆ ಯಾರದೋ ತೋಳಿನಲ್ಲಿರಬೇಕು.

“ಮೇಡಂ, ಆ ವ್ಯವಸ್ಥೆ ಈಗಲೂ ಇದೆಯಾ? ಅಡುಗೆಯವರು ಈಗಲೂ ಬರ್ತಾರಾ?”

ಚಿಕ್ಕವಳು ಮೊದಲ ಬಾರಿಗೆ ತಡವರಿಸಿದಳು. ದೊಡ್ಡವಳ ಕಡೆ ಒಮ್ಮೆ ಕಣ್ಣು ಹಾಯಿಸಿ, ಮತ್ತೆ ಎದುರಿಗೆ ತಿರುಗಿ ನಕ್ಕಳು.

“ಇಲ್ಲ. ಅವರಿಗೆ ಬೇರೆ ಕಡೆ ಒಳ್ಳೆ ಕೆಲಸ ಸಿಕ್ತು, ಬಿಟ್ಟುಹೋದ್ರು.”

ಅದು ಸುಳ್ಳು.

ಆ ಅಡುಗೆಯವಳು ಚುರುಕು ಹೆಂಗಸು. ಮಾತು ಕಡಿಮೆ, ಕೈ ಹಗುರ. ದೊಡ್ಡವಳ ಕೊನೆಯ ಪರೀಕ್ಷೆ ಮುಗಿದ ಮಾರನೆಯ ದಿನ ಊಟಕ್ಕೆ ಕೂತಾಗ ಮಗ ತಟ್ಟೆ ದೂಡಿ, “ಇವತ್ತು ಅಮ್ಮ ಮಾಡಿದ್ದಾ? ನಂಗೆ ಅಡುಗೆ ಆಂಟಿ ಮಾಡಿದ್ದು ಬೇಕು,” ಎಂದಿದ್ದ. ಮಕ್ಕಳ ಮಾತು. ಎಲ್ಲರೂ ನಕ್ಕರು. ದೊಡ್ಡವಳೂ ನಕ್ಕಳು. ಆ ವಾರವೇ ಅವಳು ಅತ್ತೆಯ ಕಿವಿಯಲ್ಲಿ ಉಪ್ಪು ಹೆಚ್ಚಾಗುತ್ತಿದೆ ಎಂದಳು, ನಿಮ್ಮ ಬಿಪಿಗೆ ಒಳ್ಳೆಯದಲ್ಲ ಎಂದಳು, ಒಲೆಕಟ್ಟೆ ಸರಿಯಾಗಿ ಒರೆಸುವುದಿಲ್ಲ ಎಂದಳು, ಇನ್ನು ನಾನಿದ್ದೇನಲ್ಲ ಎಂದಳು. ನಾಳೆಯಿಂದ ಬರಬೇಡಿ ಎಂದಾಗ ಅಡುಗೆಯವಳು ಕಾರಣ ಕೇಳಲಿಲ್ಲ. ತನ್ನ ಚಪ್ಪಲಿ ಮೆಟ್ಟಿಕೊಂಡು, “ಮಗೂಗೆ ಹೇಳಿ ಹೋಗ್ಲಾ?” ಎಂದಳು. ಮಲಗಿದ್ದಾನೆ ಎಂದಳು ದೊಡ್ಡವಳು. ಮಗ ಒಳಗೆ ಗೊಂಬೆಗಳ ಜೊತೆ ಆಡುತ್ತಿದ್ದ.

ಎಷ್ಟು ಹಿತವಾಗಿತ್ತು ಅವತ್ತು! ಒಲೆ ಮತ್ತೆ ತನ್ನದಾಗಿತ್ತು. ಕೆಲವೇ ವಾರಗಳಲ್ಲಿ ಗಂಡನ ಶಿಳ್ಳೆ ನಿಂತಿತು, ಲಾಂಡ್ರಿ ನಿಂತಿತು, ಅತ್ತೆಯ ಚಾಕು ಗೂಡು ಸೇರಿತು. ಯಾರೂ ನಿಲ್ಲಿಸಿರಲಿಲ್ಲ; ಅವಳು ಮಾಡುತ್ತಿದ್ದಳು, ಹಾಗಾಗಿ ಉಳಿದವರು ಮಾಡಲಿಲ್ಲ. ಚಿಕ್ಕವಳು ಮಾತ್ರ ಇದನ್ನೆಲ್ಲ ನೋಡಿ, “ಅಕ್ಕಾ, ಬಿಡಿಸಿದ್ದು ನೀವು. ಮಾಡೋರೂ ನೀವೇ, ಆಯ್ತಾ? ಆಮೇಲೆ ನನ್ನ ಮೇಲೆ ಪಾತ್ರೆ ಕುಕ್ಕಬೇಡಿ,” ಎಂದು ನಕ್ಕು, ಬ್ಯಾಗು ಹೆಗಲಿಗೇರಿಸಿ ಆಫೀಸಿಗೆ ಹೊರಟಿದ್ದಳು.

ಈಗ ಅದೇ ಚಿಕ್ಕವಳು ತುಂಬಿದ ಸಭೆಯಲ್ಲಿ ಅವಳ ಮಾನ ಮುಚ್ಚಿದ್ದಳು. ದೊಡ್ಡವಳಿಗೆ ಇದನ್ನು ಮಾತ್ರ ನುಂಗಲಾಗಲಿಲ್ಲ. ನಗಿಸುವುದು ಅವಳದ್ದು, ಚಪ್ಪಾಳೆ ಅವಳದ್ದು, ಈಗ ಔದಾರ್ಯವೂ ಅವಳದ್ದೇ ಆಗಬೇಕೆ?

ಮೈಕು ಕೈಗೆ ಬಂತು. ಬೆಳಗಿನಿಂದ ಬಾಯಿಪಾಠ ಮಾಡಿದ ಭಾಷಣದ ಮೊದಲ ಸಾಲು ‘ಸನ್ಮಾನ್ಯರೇ’ ಎಂದಿತ್ತು. ಅವಳು ಅದನ್ನು ಬಿಟ್ಟಳು.

“ಅಡುಗೆಯವರು ತಾವಾಗಿ ಬಿಟ್ಟುಹೋಗಲಿಲ್ಲ. ನಾನು ಬಿಡಿಸಿದೆ.”

ಚಿಕ್ಕವಳು ಮೇಜಿನ ಕೆಳಗೆ ಅವಳ ಕಾಲು ಒತ್ತಿದಳು. ದೊಡ್ಡವಳು ಕಾಲು ಸರಿಸಿದಳು.

ಟೋಪಿಯ ಹುಡುಗಿ ಇನ್ನೂ ನಿಂತೇ ಇದ್ದಳು. “ಯಾಕೆ ಮೇಡಂ? ಅವರು ಸರಿಯಾಗಿ ಮಾಡ್ತಿರಲಿಲ್ವಾ?”

“ಸರಿಯಾಗಿ ಮಾಡ್ತಿದ್ರು. ಅದಕ್ಕೇ.” ತನ್ನ ಧ್ವನಿ ಮೈಕಿನಲ್ಲಿ ಒರಟಾಗಿ ಕೇಳಿಸಿ ಅವಳಿಗೇ ಅಳುಕಾಯಿತು. “ನಾನಿಲ್ಲದೆ ಮನೆ ನಡೀತಾ ಇತ್ತು. ನನಗೆ ನೋಡೋಕಾಗಲಿಲ್ಲ.”

ಯಾರೋ ಒಬ್ಬಳು ಹಿಂದಿನಿಂದ ‘ಅಯ್ಯೋ’ ಎಂದಳು, ಇನ್ನೊಬ್ಬಳು ಕಿಸಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು. ಟೈಲ್ಸಿನವನು ಫೋನು ನೋಡುತ್ತಿದ್ದ. ದೊಡ್ಡವಳು ತೋಚಿದ್ದನ್ನು ಹೇಳಿದಳು. ಇಲ್ಲಿ ಕೆಲಸ ಹಂಚುವುದು ಹೇಗೆಂದು ಕಲಿಸುತ್ತಾರೆ, ಅದು ಕಷ್ಟವಲ್ಲ, ಹಂಚಿದ ಮೇಲೆ ಅದನ್ನು ವಾಪಸ್ ಕಸಿದುಕೊಳ್ಳದೆ ಇರುವುದು ಕಷ್ಟ ಎಂದಳು. ಗೋದಾಮಿನಲ್ಲಿ ತನಗೆ ಅದು ಬರುತ್ತದೆ, ಕೆಳಗಿನವರಿಗೆ ಕೆಲಸ ಬಿಟ್ಟುಕೊಟ್ಟು ನಿಶ್ಚಿಂತೆಯಿಂದ ಮನೆಗೆ ಬರುತ್ತೇನೆ, ಮನೆಯಲ್ಲಿ ಬರುವುದಿಲ್ಲ ಎಂದಳು. “ಅಲ್ಲಿ ಯಾರೂ ನನ್ನನ್ನ ದೇವರು ಅನ್ನಲ್ಲ, ಅದಕ್ಕಿರಬೇಕು,” ಎಂದಾಗ ಚಿಕ್ಕವಳ ಮುಖ ಕೆಂಪಾಯಿತು. ಅದನ್ನು ನೋಡಿ ದೊಡ್ಡವಳಿಗೆ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು, ಆದರೆ ಖುಷಿ ಒಂದು ಗುಲಗಂಜಿ ಹೆಚ್ಚು.

ಚಪ್ಪಾಳೆ ಬಿದ್ದಿತು, ಜೋರಾಗೇನಲ್ಲ. ಟೋಪಿಯ ಹುಡುಗಿ ತಟ್ಟಲಿಲ್ಲ. ಅವಳು ಟೋಪಿಯನ್ನು ಹಿಂಡುತ್ತಾ ಏನೋ ಯೋಚಿಸುತ್ತಿದ್ದಳು.

*

ಕಾರ್ಯಕ್ರಮ ಮುಗಿದು ಎಲ್ಲರೂ ಚಹಾದ ಮೇಜಿನ ಕಡೆ ಹೋದಾಗ ನಿರ್ದೇಶಕಿ ದೊಡ್ಡವಳನ್ನು ಕಾರಿಡಾರಿನ ಪಕ್ಕಕ್ಕೆ ಕರೆದರು. ಸುತ್ತಿಬಳಸಿ ಮಾತನಾಡುವವರಲ್ಲ ಅವರು.

“ವಾರದ ತರಗತಿ ನೀವು ತಗೋತೀರಾ?”

ದೊಡ್ಡವಳು ಒಂದು ಹೆಜ್ಜೆ ಮುಂದೆ ಬಂದಳು. “ನಾನು... ಇವತ್ತು ಮಾತಾಡಿದ್ದು ಸರಿಹೋಗಲಿಲ್ಲವೇನೋ ಅಂದ್ಕೊಂಡೆ.”

“ಸರಿಹೋಗಲಿಲ್ಲ,” ಎಂದರು ನಿರ್ದೇಶಕಿ. “ಸ್ವಲ್ಪ ಒರಟಾಯ್ತು. ಆದ್ರೆ ಆ ಹುಡುಗಿ ನಿಮ್ಮನ್ನ ಇನ್ನೂ ಎರಡು ಪ್ರಶ್ನೆ ಕೇಳ್ಬೇಕು ಅಂತ ಹುಡುಕ್ತಿದ್ದಾಳೆ. ನನಗೆ ಅಷ್ಟು ಸಾಕು.” ಆಮೇಲೆ, ಮುಚ್ಚುಮರೆ ಯಾಕೆ ಎಂಬಂತೆ ಸೇರಿಸಿದರು: “ನೋಡಿ, ಮೊದಲು ನಾವು ಕೇಳಿದ್ದು ನಿಮ್ಮ ಓರಗಿತ್ತಿಯನ್ನ. ಹೋದ ವಾರ. ಭಾನುವಾರ ಬೆಳಿಗ್ಗೆ ಏಳೋದು ತನ್ನ ಕೈಲಾಗಲ್ಲ ಅಂದ್ರು. ಅಕ್ಕನ್ನ ಕೇಳಿ, ಅವರಿಗೆ ಇದು ತುಂಬ ಬೇಕು ಅಂದ್ರು. ಹೊರಡೋ ಮೊದಲು ಹೇಳಿಬಿಡಿ. ಸಂಜೆ ಹೊಸಬರ ಮುಂದೆ ಪ್ರಕಟಿಸಬೇಕು. ಮನೇಲಿ ಕೇಳ್ಬೇಕಾ?”

“ಒಂದು ನಿಮಿಷ ಕೊಡಿ,” ಎಂದಳು ದೊಡ್ಡವಳು.

ಪಕ್ಕದ ತರಗತಿ ಖಾಲಿಯಿತ್ತು. ಒಳಗೆ ಹೋಗಿ ಬಾಗಿಲು ಅರೆ ಮುಚ್ಚಿ, ಬೆಂಚಿನ ಮೇಲೆ ಕೂತಳು. ಹೊರಗಿನಿಂದ ಚಿಕ್ಕವಳ ನಗು ಕೇಳಿಸುತ್ತಿತ್ತು. ಯಾರ್ಯಾರೋ ಅವಳ ಸುತ್ತ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. “ಅಕ್ಕ ಎಲ್ಲಿ? ಅಕ್ಕನ್ನೂ ಕರೀರಿ,” ಎನ್ನುತ್ತಿದ್ದಳು. ಸಭೆಯಲ್ಲಿ ತನ್ನ ಮುಖ ಕೆಂಪಾಗಿದ್ದನ್ನು ಆಗಲೇ ಮರೆತಿದ್ದಾಳೆ. ಮರೆಯುವುದು ಕೂಡ ಅವಳಿಗೆ ಎಷ್ಟು ಸಲೀಸು!

ನಿದ್ದೆ ಕೆಡುತ್ತದೆಂದು ಬಿಟ್ಟುಕೊಟ್ಟಿದ್ದಾಳೆ. ತಾನು ಬಿಳಿಹಲಗೆಯ ಮುಂದೆ ನಿಂತ ದಿನದಿಂದ ಬಯಸಿದ್ದನ್ನು ಅವಳು ತಟ್ಟೆಯಲ್ಲಿ ಉಳಿದ ತುತ್ತಿನ ಹಾಗೆ ಈ ಕಡೆ ಸರಿಸಿದ್ದಾಳೆ. ದೊಡ್ಡವಳ ಬಾಯಿಗೆ ಉತ್ತರ ತಾನಾಗಿಯೇ ಬಂತು. ಎಷ್ಟು ಗಂಭೀರವಾಗಿತ್ತು, ಎಷ್ಟು ಚೆಂದವಾಗಿತ್ತು: ‘ಬೇಡ ಮೇಡಂ, ಮನೆ ಜವಾಬ್ದಾರಿ ಇದೆ. ಅತ್ತೆಗೆ ಮಂಡಿ ನೋವು. ಬೇರೆ ಯಾರಿಗಾದ್ರೂ ಕೊಡಿ.’ ನಿರ್ದೇಶಕಿ ಪೆಚ್ಚಾಗುತ್ತಾರೆ. ಕಾರಿನಲ್ಲಿ ಚಿಕ್ಕವಳು ‘ಯಾಕಕ್ಕಾ?’ ಎನ್ನುತ್ತಾಳೆ. ತಾನು ಕಿಟಕಿಯಾಚೆ ನೋಡುತ್ತಾ ಸುಮ್ಮನಿರಬಹುದು. ಆ ಮೌನದಲ್ಲಿ ಚಿಕ್ಕವಳು ಮನೆ ಸೇರುವತನಕ ಬೇಯಬೇಕು. ಮುಂದೆ ಎಷ್ಟೋ ವರ್ಷ, ಪಾತ್ರೆ ಕುಕ್ಕಿದಾಗಲೆಲ್ಲ, ಕುಕ್ಕುವುದಕ್ಕೊಂದು ಗಟ್ಟಿ ಕಾರಣ ಇರುತ್ತದೆ.

ನಾಲಿಗೆಯ ಮೇಲೆ ಸಿಹಿ ಹರಡಿತು. ಅವಳು ಆ ಸಿಹಿಯನ್ನು ಚಪ್ಪರಿಸುತ್ತಾ ಕೂತಿದ್ದಂತೆಯೇ, ಇದರ ರುಚಿ ತನಗೆ ಗೊತ್ತು ಎನ್ನಿಸಿತು. ಅಡುಗೆಯವಳು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ ದಿನ ಬಾಯಲ್ಲಿದ್ದದ್ದು ಇದೇ. ಅವತ್ತೂ ಹೀಗೇ ಗೆದ್ದೆ ಅನ್ನಿಸಿತ್ತು.

ದೊಡ್ಡವಳು ಎದ್ದಳು. ಹೊಟ್ಟೆಕಿಚ್ಚು ಇಳಿದಿತ್ತೆಂದಲ್ಲ. ಹೊರಗಿನ ನಗು ಕೇಳಿದಾಗಲೆಲ್ಲ ಎದೆಯೊಳಗೆ ಉರಿ ಇನ್ನೂ ಚುಳ್ ಎನ್ನುತ್ತಿತ್ತು, ಮನೆಗೆ ಹೋದ ಮೇಲೂ ಎನ್ನುತ್ತದೆ, ಬಹುಶಃ ಮುದುಕಿಯಾದ ಮೇಲೂ. ಅದು ಅದರ ಪಾಡಿಗೆ ಉರಿಯಲಿ. ಯಾರು ಮೊದಲು ಬೇಡ ಎಂದರು ಎಂಬುದನ್ನು ಹೊಸಬರು ಕೇಳುವುದಿಲ್ಲ. ದಾಸ್ತಾನಿನ ಲೆಕ್ಕ ಯಾಕೆ ತಪ್ಪುತ್ತದೆ ಎಂದು ಕೇಳುತ್ತಾರೆ, ಅದಕ್ಕೆ ಉತ್ತರ ಚಿಕ್ಕವಳ ಹತ್ತಿರ ಇಲ್ಲ, ತನ್ನ ಹತ್ತಿರ ಇದೆ. ಮನೆಯ ಭಾನುವಾರವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆ ಮನೆಯಲ್ಲಿ ಕೈಕಾಲಿರುವವರು ಬೇಕಾದಷ್ಟು ಜನ ಇದ್ದಾರೆ. ಈ ಸಲ ಆ ಪ್ರಶ್ನೆಗೆ ತಾನು ಉತ್ತರ ಕೊಡುವುದಿಲ್ಲ, ಅವರು ತಡಕಾಡುವಾಗ ಮಧ್ಯೆ ಬಾಯಿ ಹಾಕುವುದೂ ಇಲ್ಲ. ಅಷ್ಟು ಹೊತ್ತು ಸುಮ್ಮನಿರಲು ತನ್ನಿಂದ ಆದೀತು ಎಂಬ ಧೈರ್ಯ ಅವಳಿಗಿರಲಿಲ್ಲ.

ಕಾರಿಡಾರಿನಲ್ಲಿ ನಿರ್ದೇಶಕಿ ಯಾರದೋ ಜೊತೆ ಮಾತನಾಡುತ್ತಾ ನಿಂತಿದ್ದರು. ದೊಡ್ಡವಳು ಫೋಟೋ ತೆಗೆಸಿಕೊಳ್ಳುವವರ ಗುಂಪನ್ನು ಬಳಸಿಕೊಂಡು, ಚಿಕ್ಕವಳು ಕೈಬೀಸಿದ್ದನ್ನು ಕಂಡೂ ಕಾಣದವಳಂತೆ, ಅವರ ಹತ್ತಿರ ಹೋದಳು.

“ಬರ್ತೀನಿ ಮೇಡಂ,” ಎಂದಳು. “ಯಾವತ್ತಿಂದ?”